ಅಟ್ಟದ ಮೇಲಿನ ಮುನ್ನೂರು ಕಾಯಿ

ನಾನು ಮಲಗುತ್ತಿದ್ದ ಕೋಣೆಯ ಮೇಲೆ ಅಟ್ಟವಿತ್ತು, ಅಟ್ಟದ ತುಂಬ ತೆಂಗಿನಕಾಯಿ. ಗಾಳಿ ಆಡಲೆಂದು ಅಟ್ಟಕ್ಕೆ ಹಲಗೆ ಹೊಡೆಸಿರಲಿಲ್ಲ, ಬಿದಿರಿನ ಗಳುಗಳನ್ನು ಸಂದಿ ಬಿಟ್ಟು ಸಾಲಾಗಿ ಕಟ್ಟಿದ್ದರು. ಅಂಗಾತ ಮಲಗಿದರೆ ಆ ಸಂದಿಯಲ್ಲಿ ಮಟ್ಟೆ ಸುಲಿಯದ ಕಾಯಿಗಳ ಕಂದು ಬೆನ್ನು ಕಾಣುತ್ತಿತ್ತು. ಇಲಿ ಓಡಾಡಿದರೆ ನಾರಿನ ಧೂಳು ಮುಖದ ಮೇಲೆ ಉದುರುತ್ತಿತ್ತು. ನಾನು ಎಣಿಸಲು ಕಲಿತದ್ದೇ ಹಾಗೆ ಮಲಗಿಕೊಂಡು. ಹಳೇಬೀಡಿನ ಪಕ್ಕದ ನಮ್ಮ ಬಸ್ತಿಹಳ್ಳಿಗೆ ಬಸದಿ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು, ಹೊಳೆಯುವ ಕಂಬಗಳಲ್ಲಿ ತಮ್ಮ ಮುಖ ನೋಡಿಕೊಂಡು ನಕ್ಕು ಹೋಗುತ್ತಿದ್ದರು. ನಮ್ಮ ಮನೆಗೆ ಮಾತ್ರ ಯಾರೂ ಬರುತ್ತಿರಲಿಲ್ಲ. ನನಗೆ ಐದು ತುಂಬುವ ಮೊದಲೇ ಅವ್ವ ತೀರಿಕೊಂಡಿದ್ದಳು. ಉಳಿದವರು ಮೂವರು: ಅಪ್ಪ, ಅಪ್ಪನ ಅಕ್ಕ, ನಾನು. ಗಂಡ ಸತ್ತ ಮೇಲೆ ತವರಿಗೆ ಬಂದು ನೆಲೆಸಿದ ಆಕೆಯನ್ನು ನಾನು ಅತ್ತೆ ಎನ್ನುತ್ತಿದ್ದೆ.

ಮೂವರಿದ್ದೂ ಆ ಮನೆಯಲ್ಲಿ ಮಾತಿಗೆ ಬರ. ಅಪ್ಪ ತೋಟದಿಂದ ಬಂದು ಕೈಕಾಲು ತೊಳೆದು, ಮುದ್ದೆ ಮುರಿದು, ಹುರುಳಿ ಸಾರಿನಲ್ಲಿ ಅದ್ದಿ ನುಂಗಿ, ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋಗುವವರೆಗೆ ಒಂದು ಶಬ್ದವಿಲ್ಲ. ಆಮೇಲೆ ನಾನು. ಆಮೇಲೆ ಅತ್ತೆ. ಒಬ್ಬರ ಊಟ ಇನ್ನೊಬ್ಬರು ನೋಡುತ್ತಿರಲಿಲ್ಲ. ಅತ್ತೆಯ ಕೈ ಬಿಗಿ ಎಂದರೆ ಬಿಗಿಯೇ. ಸೋಪಿನ ಚೂರುಗಳನ್ನು ಒತ್ತಿ ಇನ್ನೊಂದು ಸೋಪು ಮಾಡುತ್ತಿದ್ದಳು, ಒಲೆಯ ಕೆಂಡ ಆರುವ ಮುನ್ನ ಪಕ್ಕದ ಮನೆಯವರು ಕೇಳಿದರೆ ಕೊಡಬೇಕಾಗುತ್ತದೆಂದು ನೀರೆರಚಿ ಇದ್ದಿಲು ಎತ್ತಿಡುತ್ತಿದ್ದಳು. ಆದರೂ ಆಕೆ ಯಾರಿಗೂ ಮುಖಕ್ಕೆ ಹೊಡೆದಂತೆ ‘ಇಲ್ಲ’ ಅಂದದ್ದನ್ನು ನಾನು ಕೇಳಿಲ್ಲ. ಯಾರಾದರೂ ಏನಾದರೂ ಕೇಳಿಕೊಂಡು ಬಂದರೆ ತಲೆ ಕೆರೆದುಕೊಂಡು, ಸೂರು ನೋಡಿ, ‘ನೋಡಾನ ಬುಡವ್ವ’ ಅನ್ನುತ್ತಿದ್ದಳು. ಕೇಳಿದವರು ಒಂದೆರಡು ಸಲ ತಿರುಗಿ ಸುಮ್ಮನಾಗುತ್ತಿದ್ದರು. ಅದು ನಮ್ಮ ಮನೆಯ ಮರ್ಯಾದೆ. ನನಗೆ ಮಾತು ಬರುವಷ್ಟರಲ್ಲೇ ಆ ಮಾತೂ ಬಂದಿತ್ತು.

ನಮ್ಮ ಕಡೆ ತೋಟವಿದ್ದವರು ಎಲ್ಲ ಕಾಯನ್ನೂ ಹಸಿಯಾಗಿ ಮಾರುವುದಿಲ್ಲ. ಕಿತ್ತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ವರ್ಷಕ್ಕೆ ಹತ್ತಿರ ಹತ್ತಿರ ಕಾಯುತ್ತಾರೆ. ಒಳಗಿನ ನೀರು ತಾನಾಗಿಯೇ ಇಂಗಬೇಕು, ತಿರುಳು ಒಣಗಿ ಚಿಪ್ಪು ಬಿಡಬೇಕು. ಆಮೇಲೆ ನೆಲಕ್ಕೆ ನೆಟ್ಟ ಹಾರೆಗೆ ಕುಕ್ಕಿ ಮಟ್ಟೆ ಸುಲಿದು, ಮಚ್ಚಿನ ಹಿಂಬದಿಯಿಂದ ಸುತ್ತಲೂ ಮೆಲ್ಲಗೆ ಬಡಿದು ಚಿಪ್ಪು ಬಿಡಿಸಿದರೆ ಒಳಗಿನಿಂದ ಇಡಿಯ ಉಂಡೆ ಕೊಬ್ಬರಿ ಬರುತ್ತದೆ. ಗಿಟುಕು ಅಂತೀವಿ ಅದಕ್ಕೆ. ಅರಸೀಕೆರೆ ಮಂಡಿಯಲ್ಲಿ ಅದಕ್ಕೆ ಬೆಲೆ. ಹಾಗಾಗಿ ನಮ್ಮ ಮನೆಯಲ್ಲಿ ದುಡ್ಡು ಪೆಟ್ಟಿಗೆಯಲ್ಲಿ ಇರುತ್ತಿರಲಿಲ್ಲ, ತಲೆಯ ಮೇಲೆ ಇರುತ್ತಿತ್ತು. ಸೋಮವಾರ ಸೋಮವಾರ ಅಪ್ಪ ಏಣಿ ಹಾಕಿ ಹತ್ತಿ, ಮೂಲೆಗೊಂದರಂತೆ ನಾಲ್ಕು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಇಳಿಯುತ್ತಿದ್ದರು. ಎಸ್ಸೆಸ್ಸೆಲ್ಸಿ ಪಾಸಾದ ಬೇಸಿಗೆಯಲ್ಲಿ ನನ್ನನ್ನೂ ಕರೆದರು. ಅಪ್ಪ ನನ್ನ ಹೆಸರು ಹಿಡಿದು ಕರೆದದ್ದೇ ಅಪರೂಪ, ಓಡಿ ಹತ್ತಿದೆ. ಅಟ್ಟದ ಮಧ್ಯೆ ಒಂದು ಗಳು ಅಡ್ಡ ಇಟ್ಟಿದ್ದರು.

“ಇಲ್ಲಿಂದ ಈ ಕಡೇವು ನಿಂದು. ಮುನ್ನೂರವೆ. ರೂಮ್ ಬಾಡಿಗೆ, ಫೀಜು, ಪುಸ್ತಕ, ಬಸ್ಸು, ಎಲ್ಲ ಇದ್ರಲ್ಲೇ ಆಗ್ಬೇಕು. ವರ್ಸಕ್ಕಿಷ್ಟು ಹಾಕಿಕೊಡ್ತೀನಿ. ನಡುವಲ್ಲಿ ನನ್ ಕೇಳ್ಬ್ಯಾಡ.”

“ಹೂಂ ಅಪ್ಪ.”

“ಕೇಳ್ಕಾ ಇಲ್ಲಿ. ಗುಳುಗುಳು ಅಂದ್ರೆ ನೀರೈತೆ. ಏನೂ ಅನ್ನದಿದ್ರೆ ನೀರಿಂಗೈತೆ, ತಿರುಳು ಇನ್ನೂ ಬುಟ್ಟಿಲ್ಲ. ಲೊಟ್ಟ್ ಲೊಟ್ಟ್ ಅಂತ ಬಡೀಬೇಕು, ಅವಾಗ ತೆಗಿ.”

ಅಪ್ಪ ನನ್ನೊಡನೆ ಒಮ್ಮೆಗೇ ಅಷ್ಟು ಮಾತಾಡಿದ್ದು ಅದೇ ಮೊದಲು. ಇದು ನಂಬಿಕೆಯೋ, ಕೈತೊಳೆದುಕೊಳ್ಳುವ ಉಪಾಯವೋ ಎಂದು ಆಗ ಯೋಚಿಸಲಿಲ್ಲ. ನನ್ನದು ಅಂತ ಒಂದು ಆಯಿತಲ್ಲ, ಅಷ್ಟು ಸಾಕಾಗಿತ್ತು. ಆದರೆ ಮೊದಲ ಸಲವೇ ಎಡವಟ್ಟು ಮಾಡಿಕೊಂಡೆ. ಕಾಲೇಜಿಗೆ ಸೇರುವ ಗಡಿಬಿಡಿಯಲ್ಲಿ ಏನೂ ಅನ್ನದ ಹತ್ತು ಕಾಯಿಗಳನ್ನು, ಏನಾಗುತ್ತೆ ಮಹಾ ಎಂದು ಒಡೆದೆ. ತಿರುಳು ಚಿಪ್ಪಿಗೆ ಅಂಟಿಕೊಂಡಿತ್ತು. ಹತ್ತೂ ಚೂರು ಚೂರು. ಚೂರಿಗೆ ಮಂಡಿಯಲ್ಲಿ ಅರ್ಧ ಬೆಲೆಯೂ ಇಲ್ಲ. ಅಪ್ಪ ಬೈಯಲಿಲ್ಲ, ಚೂರುಗಳನ್ನು ಮೊರಕ್ಕೆ ಹಾಕಿ ಅಡಿಗೆ ಮನೆಯ ಬಾಗಿಲಲ್ಲಿಟ್ಟು ಹೋದರು. ಒಂದು ತಿಂಗಳು ಮನೆಯಲ್ಲಿ ಕೊಬ್ಬರಿ ಚಟ್ನಿಯೇ. ಒಂದೊಂದು ಸಲ ಬಡಿಸುವಾಗಲೂ ಅತ್ತೆ ನನ್ನ ಮುಖ ನೋಡುತ್ತಿದ್ದಳು.

“ತಿನ್ನು ಮಗಾ, ನಿಂದೇ ಕೊಬ್ರಿ. ಇನ್ನೊಂದ್ ಕಿತ ಕಾಯ್ತೀಯ ಬುಡು.”

ಕಾಯುವುದನ್ನು ಕಲಿತೆ. ಎಷ್ಟು ಚೆನ್ನಾಗಿ ಕಲಿತೆನೆಂದರೆ, ಅದನ್ನು ಬಿಡಿಸಿಕೊಳ್ಳಲು ಇವತ್ತಿಗೂ ಆಗಿಲ್ಲ. ಪಿಯುಸಿಗೆ ಅರಸೀಕೆರೆಯಲ್ಲಿ ರೈಲು ಹಳಿಯ ಆಚೆ ಒಂದು ಮನೆಯ ಹಿಂಬದಿಯ ರೂಮು ಹಿಡಿದೆ. ಸಿಮೆಂಟು ಶೀಟಿನ ಚಾವಣಿ, ಒಂದು ಕಿಟಕಿ, ಪಂಪ್ ಸ್ಟೋವು. ರಾಗಿಹಿಟ್ಟು, ಹುರುಳಿ, ಖಾರದಪುಡಿ ಮನೆಯಿಂದ ಬರುತ್ತಿತ್ತು. ಮಿಕ್ಕದ್ದಕ್ಕೆಲ್ಲ ಲೆಕ್ಕ ಕಾಯಿಯಲ್ಲಿ. ಬಾಡಿಗೆ ತಿಂಗಳಿಗೆ ಎಂಟು ಕಾಯಿ. ಊರಿಗೆ ಹೋಗಿಬರಲು ಎರಡು. ನೋಟ್‌ಬುಕ್ಕು ಒಂದು. ಕಾಲೇಜಿನ ಎದುರು ಹುಡುಗಿಯರು ಐಸ್‌ಕ್ಯಾಂಡಿ ತಿನ್ನುವಾಗ ನನಗೆ ಕಾಣುತ್ತಿದ್ದುದು ಕಾಲು ಕಾಯಿ ಕರಗಿ ಮೊಣಕೈಗಿಳಿಯುವುದು. ವಾರಕ್ಕೊಮ್ಮೆ ಊರಿಗೆ ಹೋಗುವುದನ್ನು ತಿಂಗಳಿಗೊಮ್ಮೆ ಮಾಡಿ ತಿಂಗಳಿಗೆ ಆರು ಕಾಯಿ ಉಳಿಸಿದೆ. ಕಾಲೇಜಿಗೆ ಹೋಗುವ ಮೊದಲು ಮಂಡಿ ಬೀದಿ ಸುತ್ತಿಕೊಂಡು ಹೋಗುವುದು ನನ್ನ ನಿತ್ಯದ ಪೂಜೆ. ಅಲ್ಲೊಂದು ಕೊಬ್ಬರಿ ಅಂಗಡಿಯ ಮುಂದೆ ಕಪ್ಪು ಹಲಗೆಯ ಮೇಲೆ ಆ ದಿನದ ರೇಟು ಬರೆದಿರುತ್ತಿದ್ದರು. ಇದ್ದಕ್ಕಿದ್ದಂತೆ ಇಳಿದರೆ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಈಗ ಹುಡುಗರು ಫೋನಿನಲ್ಲಿ ಏನೇನೋ ರೇಟು ನೋಡಿ ತಲೆ ಕೆಡಿಸಿಕೊಳ್ಳುವುದನ್ನು ಕಂಡಾಗ ನಗು ಬರುತ್ತದೆ. ಎರಡು ಜಡೆ ಹಾಕಿಕೊಂಡು, ಪುಸ್ತಕ ಎದೆಗೊತ್ತಿಕೊಂಡು ಮಂಡಿ ಬೀದಿಯಲ್ಲಿ ನಿಂತಿದ್ದ ಆ ಹುಡುಗಿ ಅವರಿಗಿಂತ ಏನೂ ಕಮ್ಮಿ ಇರಲಿಲ್ಲ.

ಮೊದಲ ಮೂರು ತಿಂಗಳು ಒಬ್ಬಳೇ ಇದ್ದೆ. ಆಮೇಲೆ ಬಂದವಳು ಗಿರಿಜ, ಗೆಂಡೆಹಳ್ಳಿಯವಳು, ನನ್ನದೇ ತರಗತಿ. ಅವಳಪ್ಪ ಇರಲಿಲ್ಲ, ಅಣ್ಣ ಜಮೀನು ನೋಡಿಕೊಂಡು ತಿಂಗಳಿಗಿಷ್ಟು ಎಂದು ಕಳಿಸುತ್ತಿದ್ದ. ಅದೂ ಯಾವಾಗಲೂ ತಡ. ನಾನು ಅವಳನ್ನು ಸೇರಿಸಿಕೊಂಡದ್ದು ಪ್ರೀತಿಯಿಂದಲ್ಲ ಎಂದು ಒಪ್ಪಿಕೊಂಡುಬಿಡುತ್ತೇನೆ. ಎಂಟು ಕಾಯಿ ಬಾಡಿಗೆ ನಾಲ್ಕಾಗುತ್ತದಲ್ಲ, ಅದಕ್ಕೆ. ಬಂದ ದಿನವೇ ಅವಳು ಕಿಟಕಿಗೆ ಹಳೇ ಸೀರೆಯ ಪರದೆ ಕಟ್ಟಿದಳು, ಓನರಮ್ಮನ ಮೊಮ್ಮಗುವನ್ನು ಎತ್ತಿಕೊಂಡು ಬಂದು ನನ್ನ ಚಾಪೆಯ ಮೇಲೆ ಕೂರಿಸಿದಳು, ಸ್ಟೇಷನ್ ಎದುರಿನ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ತಂದಳು. ನನಗೆ ಗಾಬರಿ. ಬಜ್ಜಿ ತಿಂದರೆ ನಾಳೆ ನಾನೂ ತರಬೇಕಲ್ಲ! ಬೇಡ ಅಂದೆ. ಅವಳು ಬಿಡಲಿಲ್ಲ, ಬಾಯಿಗೇ ತುರುಕಿದಳು. ಒಂದೇ ಪಾತ್ರೆಯಲ್ಲಿ ಮುದ್ದೆ ತಿರುವಿ ಇಬ್ಬರೂ ಎದುರು ಬದುರು ಕೂತು ಉಂಡೆವು. ಊಟ ಮಾಡುವಾಗ ಇನ್ನೊಬ್ಬರ ಮುಖ ಕಾಣುವುದು ನನಗೆ ಎಷ್ಟು ಹೊಸದೆಂದರೆ, ಮೊದಲ ವಾರವೆಲ್ಲ ತಟ್ಟೆಯಿಂದ ತಲೆ ಎತ್ತಲು ನಾಚಿಕೆಯಾಗುತ್ತಿತ್ತು.

ನನ್ನ ಕಾಯಿ ಲೆಕ್ಕ ಅವಳಿಗೆ ದೊಡ್ಡ ತಮಾಷೆ. ನಾನು ರೇಟು ಓದುವಾಗ ಮಂಡಿ ಬೀದಿಯ ತಿರುವಿನಲ್ಲಿ ಕಾಯುತ್ತಾ ನಿಂತಿರುತ್ತಿದ್ದಳು.

“ಏನ್ ಕೊಬ್ರಿ ಸಾವ್ಕಾರ್ತಿ, ಇವತ್ತು ಏರ್ತೋ ಇಳೀತೋ? ನಗ್ಬೋದಾ ನಾವು?”

“ನಿಂಗೇನ್ ಹೋಗು. ತಿಂಗ್ಳಾದ್ರೆ ಅಣ್ಣನ್ ದುಡ್ಡು.”

“ಅಣ್ಣನ್ ದುಡ್ಡು ಅಣ್ಣನ್ ಬುದ್ಧಿ ಹಂಗೇ ಕಣೇ. ಬಂದ್ರೆ ಬಂತು.”

ಖರ್ಚು ಮಾಡಿದ ಹಾಗೆಯೇ ಓದುತ್ತಲೂ ಇದ್ದಳು, ಕೈ ಬಿಚ್ಚಿ. ಚರಿತ್ರೆಯ ಮೇಷ್ಟ್ರು ನಮ್ಮ ತರಗತಿಯಲ್ಲಿ ಹೆಸರು ಹಿಡಿದು ಕರೆಯುತ್ತಿದ್ದುದು ಅವಳೊಬ್ಬಳನ್ನೇ. ಬಿ.ಎಡ್. ಮಾಡಿ ಬೇಲೂರಿನಲ್ಲೇ ಮೇಡಮ್ ಆಗುತ್ತೇನೆ, ಅಣ್ಣನ ಕೈಯಿಂದ ತಪ್ಪಿಸಿಕೊಳ್ಳುತ್ತೇನೆ ಎನ್ನುತ್ತಿದ್ದಳು. ಮದುವೆಯ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು. ಪಿಯುಸಿ ಪಾಸಾದರೆ ಓದು, ಇಲ್ಲದಿದ್ದರೆ ಮದುವೆ ಎಂದು ಅಣ್ಣ ಹೇಳಿಬಿಟ್ಟಿದ್ದನಂತೆ. ನಾನು ಹುಟ್ಟಿದಾಗಿನಿಂದ ನನಗೆ ಸಿಕ್ಕಿದ ಒಬ್ಬಳೇ ಒಬ್ಬ ಗೆಳತಿ ಅವಳು. ಇದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ.

ಎರಡನೇ ವರ್ಷದ ಸುಗ್ಗಿಯ ಮೊದಲು ಅವಳಣ್ಣ ಮೂರು ತಿಂಗಳು ದುಡ್ಡು ಕಳಿಸಲಿಲ್ಲ. ಪರೀಕ್ಷೆಯ ಅರ್ಜಿ ಕಟ್ಟುವ ಹೊತ್ತು ಬಂತು. ಕಾಲೇಜಿನ ಬಾಕಿ ತೀರಿಸದೆ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದರು, ಶನಿವಾರ ಕೊನೆಯ ದಿನ. ನಾನು ನನ್ನದನ್ನು ತಿಂಗಳ ಮೊದಲೇ ಕಟ್ಟಿದ್ದೆ. ಮಂಗಳವಾರ ಸಾಯಂಕಾಲ ಗಿರಿಜ ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸಿದಳು.

“ಲಲಿತಾ, ಒಂದ್ ಮಾತ್ ಕೇಳ್ತೀನಿ. ಆಗಲ್ಲ ಅನ್ನಂಗಿದ್ರೆ ಆಗಲ್ಲ ಅನ್ನು.”

“ಏನೇ?”

“ನಿನ್ ಕಾಯಿ ಒಂದೆಪ್ಪತ್ತು ಬಿಡ್ಸಿದ್ರೆ ನನ್ ಬಾಕಿ, ಫೀಜು ಎಲ್ಲ ಆಯ್ತದೆ. ಲೆಕ್ಕ ಹಾಕಿದೀನಿ. ಸುಗ್ಗಿ ಆದ್ಮೇಲೆ ಅಣ್ಣ ಕೊಡ್ತಾನೆ. ಕೊಡ್ದಿದ್ರೆ ನಾನೇ ಕೂಲಿ ಮಾಡಾದ್ರೂ ತೀರುಸ್ತೀನಿ ಕಣೇ.”

ಆಗಲ್ಲ ಅನ್ನು ಎಂದಳಲ್ಲ, ಅದೊಂದು ಮಾತು ನಮ್ಮ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನು ಸಿಮೆಂಟು ಶೀಟು ನೋಡಿದೆ.

“ನೋಡಾನ ಕಣೇ. ರೇಟ್ ಬಿದ್ದೋಗೈತಲ್ಲ. ಊರಿಗೋಗಿ ಬತ್ತೀನಿ.”

ಅಷ್ಟಕ್ಕೇ ಅವಳ ಮುಖ ಅರಳಿತು. ಆ ದಿನದ ಮುದ್ದೆ ನನಗೆ ದೊಡ್ಡದಾಗಿ ಕಟ್ಟಿದಳು. ಗುರುವಾರ ಬೆಳಿಗ್ಗೆಯ ಬಸ್ಸಿಗೆ ಹೊರಟೆ. ಅಟ್ಟದ ಮೇಲೆ ಆಗ ನನ್ನ ಪಾಲಿನ ಕಾಯಿ ಇನ್ನೂರರವತ್ತು ಇದ್ದವು. ಹೋದ ವರ್ಷದ್ದು ಉಳಿಸಿ, ಈ ವರ್ಷದ್ದು ಸೇರಿಸಿ. ಹತ್ತಿ ಕೂತು ಒಂದೊಂದೇ ಅಲ್ಲಾಡಿಸಿದೆ. ಲೊಟ್ಟ್ ಲೊಟ್ಟ್. ಎಲ್ಲವೂ ಒಣಗಿ ಬಡಿಯುತ್ತಿದ್ದವು. ಎಪ್ಪತ್ತು ಎಣಿಸಿ ಚೀಲಕ್ಕೆ ಹಾಕಿದೆ. ಎರಡು ಚೀಲವಾಯಿತು. ಮಧ್ಯಾಹ್ನ ಕೂತು ಸುಲಿದರೆ ಸಂಜೆಗೆ ಮುಗಿಯುತ್ತಿತ್ತು, ಶುಕ್ರವಾರ ಮಂಡಿ ಬೀದಿಯ ಅಂಗಡಿಗೆ ಹಾಕಿದರೆ ಶನಿವಾರಕ್ಕೆ ದುಡ್ಡು ಗಿರಿಜಳ ಕೈಯಲ್ಲಿ. ಆಗ ಅಪ್ಪ ಜಗಲಿಗೆ ಬಂದು ಯಾರೊಡನೆಯೋ ಮಾತಾಡುವುದು ಕೇಳಿಸಿತು.

“ಈಗ ಮಾರೋನು ದಡ್ಡ ಕಣಯ್ಯ. ಯುಗಾದಿ ಕಳೀಲಿ, ಹೆಂಗೇರ್ತದೆ ನೋಡು. ಕಾಯ್ಬೇಕು, ಕಾಯ್ಬೇಕು.”

ಬೇರೆ ಯಾರಿಗೋ ಹೇಳಿದ ಮಾತು. ನಾನು ಅದನ್ನು ನನಗೇ ಹೇಳಿದ್ದೆಂದು ಹಿಡಿದುಕೊಂಡೆ. ಚೀಲದ ಬಾಯಿ ಬಿಚ್ಚಿ ಎಪ್ಪತ್ತನ್ನೂ ಒಂದೊಂದಾಗಿ ಅದರದರ ಜಾಗದಲ್ಲಿ ಮತ್ತೆ ಇಟ್ಟೆ. ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ರೇಟು ಒಂದು ನೆಪ. ಕೆಳಗಿಳಿದು ಅಪ್ಪನಿಗೆ ವಿಷಯ ಹೇಳಬಹುದಿತ್ತು. ಹೇಳಲಿಲ್ಲ, ಏಕೆಂದರೆ ಅಪ್ಪ ‘ಕೊಡು’ ಅಂದುಬಿಟ್ಟರೆ ಎಂದು ಭಯವಾಗಿತ್ತು. ನಿಜ ಇಷ್ಟೆ: ಆ ಕಾಯಿಗಳು ಮೇಲಿರುವವರೆಗೆ ನನಗೆ ಯಾರೋ ಇದ್ದಾರೆ ಅನ್ನಿಸುತ್ತಿತ್ತು. ಅರಸೀಕೆರೆಯ ರೂಮಿನಲ್ಲಿ ನಿಜವಾಗಿಯೂ ಯಾರೋ ಇದ್ದಳು ಎನ್ನುವುದು ಈ ಮಂಕು ತಲೆಗೆ ಹೊಳೆಯಲಿಲ್ಲ. ಏಣಿ ಇಳಿಯುವಾಗ ಅತ್ತೆ ಬರಿಗೈ ನೋಡಿದಳು.

“ಏನ್ ಮಗಾ, ಕಾಯಿ ತಗಂಡೋಗಕೆ ಬಂದೆ ಅಂದ್ಕಂಡೆ?”

“ಇಲ್ಲ ಅತ್ತೆ. ಸುಮ್ನೆ ನೋಡಕೆ.”

ಶುಕ್ರವಾರ ರೂಮಿಗೆ ಹೋದಾಗ ಗಿರಿಜ ಅರ್ಜಿಯನ್ನು ಭರ್ತಿ ಮಾಡಿ, ಫೋಟೋ ಅಂಟಿಸಿ, ಮೇಲೆ ದಪ್ಪ ಪುಸ್ತಕ ಹೇರಿ ಇಟ್ಟಿದ್ದಳು, ಫೋಟೋ ಸುಕ್ಕಾಗಬಾರದೆಂದು. ನನ್ನ ಕೈಚೀಲ ನೋಡಿದಳು. ನನಗೆ ಮೊದಲೇ ಯೋಚಿಸಿಟ್ಟುಕೊಂಡಂತೆ ಮಾತು ಬಂತು.

“ಇನ್ನೂ ಬಡೀತಿಲ್ಲ ಕಣೇ ಕಾಯಿ. ತಿರುಳು ಬುಟ್ಟಿಲ್ಲ. ಈಗ ಒಡೆದ್ರೆ ಎಲ್ಲ ಚೂರಾಗ್ತವೆ.”

ಗೆಂಡೆಹಳ್ಳಿಯಲ್ಲಿ ಅವರಿಗೆ ಇದ್ದದ್ದು ಗದ್ದೆ. ಅಟ್ಟದ ಕಾಯಿ ಯಾವಾಗ ಬಡಿಯುತ್ತದೆ, ಯಾವಾಗ ಬಡಿಯುವುದಿಲ್ಲ ಎಂಬುದು ಅವಳಿಗೆ ನಾನು ಹೇಳಿದಷ್ಟೇ ಗೊತ್ತು. ಅದು ನನಗೂ ಗೊತ್ತಿತ್ತು.

“ಹೌದಾ? ಚೂರಾದ್ರೆ ನಿಂಗೆ ಲಾಸಲ್ವೇನೇ. ಬ್ಯಾಡ ಬುಡು. ಪಾಪ, ಬಸ್ ಚಾರ್ಜ್ ಬೇರೆ ದಂಡ ಆಯ್ತು ನಿಂಗೆ.”

ಹಾಗಂದು ನನಗೆ ನೀರು ತಂದುಕೊಟ್ಟಳು. ಬೈದಿದ್ದರೆ, ಜಗಳ ತೆಗೆದಿದ್ದರೆ, ಮುಖ ಗಂಟು ಹಾಕಿಕೊಂಡಿದ್ದರೆ ಎಷ್ಟೋ ವಾಸಿ ಇತ್ತು. ಶನಿವಾರ ಹೋಯಿತು. ಸೋಮವಾರ ಅವಳಣ್ಣ ಬಂದ. ಅವನೇನೂ ಕೆಟ್ಟವನಂತೆ ಕಾಣಲಿಲ್ಲ, ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಪರೀಕ್ಷೆ ಇಲ್ಲ ಅಂದಮೇಲೆ ರೂಮಿಗೆ ಬಾಡಿಗೆ ಯಾಕೆ ತೆರಬೇಕು, ನಡಿ ಅಂದ. ಮುಂದಿನ ಸಲ ಕಟ್ಟಬಹುದು ಅಣ್ಣ ಎಂದು ಗಿರಿಜ ಮೆಲ್ಲಗೆ ಹೇಳಿದಳು. ‘ಅದೆಲ್ಲ ಆಮೇಕೆ ನೋಡಾನ’ ಎಂದು ಟ್ರಂಕು ಹೆಗಲಿಗೇರಿಸಿದ. ಆ ಮಾತು ಬೇರೆಯವರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ನನಗೆ ಆ ದಿನ ತಿಳಿಯಿತು. ಬಸ್‌ಸ್ಟ್ಯಾಂಡಿನವರೆಗೆ ಅವಳ ಚಾಪೆ ಹಿಡಿದುಕೊಂಡು ಹೋದೆ. ಕಿಟಕಿಯ ಪರದೆಯನ್ನು ಅವಳು ಬಿಚ್ಚಿಕೊಂಡಿರಲಿಲ್ಲ, ಇರಲಿ ನಿನಗೇ ಎಂದಿದ್ದಳು. ಉಳಿದ ಅರ್ಧ ಸೀಸೆ ಎಣ್ಣೆಯನ್ನೂ ಬಿಟ್ಟುಹೋದಳು.

ಅಲ್ಲಿಂದ ಪರೀಕ್ಷೆಯವರೆಗಿನ ದಿನಗಳನ್ನು ಹೇಗೆ ಕಳೆದೆನೋ. ನಾಲ್ಕು ಕಾಯಿ ಬಾಡಿಗೆ ಮತ್ತೆ ಎಂಟಾಯಿತು, ಅದು ಒಂದು ಕಡೆ ಇರಲಿ. ಒಬ್ಬಳಿಗೆ ಮುದ್ದೆ ತಿರುವುವುದು ಬಲು ಕಷ್ಟ, ಹಿಟ್ಟು ಎಷ್ಟು ಕಮ್ಮಿ ಹಾಕಿದರೂ ಮಿಕ್ಕುತ್ತದೆ. ಮಿಕ್ಕಿದ್ದನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೋಗುತ್ತಿದ್ದೆ. ಮಂಡಿ ಬೀದಿಯ ತಿರುವಿನಲ್ಲಿ ಯಾರೂ ನಿಂತಿರುತ್ತಿರಲಿಲ್ಲ. ಒಂದು ಭಾನುವಾರ ಬೆಳಗಿನಿಂದ ಯಾರೊಡನೆಯೂ ಮಾತಾಡದೆ, ಸಂಜೆ ಓನರಮ್ಮ ನೀರು ಬಂತು ನೋಡೇ ಎಂದು ಕೂಗಿದಾಗ ‘ಬಂದೆ’ ಅನ್ನಲು ಹೋದರೆ ಗಂಟಲಿಂದ ಸ್ವರವೇ ಹೊರಡಲಿಲ್ಲ. ಕೊಡ ಕೆಳಗಿಟ್ಟು ಜೋರಾಗಿ ಅತ್ತುಬಿಟ್ಟೆ. ಓನರಮ್ಮ ಪರೀಕ್ಷೆಯ ಭಯ ಅಂದುಕೊಂಡು ದೇವರ ವಿಭೂತಿ ತಂದು ಹಣೆಗಿಟ್ಟರು. ಗಿರಿಜಳಿಗೆ ಕಾಗದ ಬರೆಯಲು ಎಷ್ಟು ಸಲ ಕೂತೆನೋ. ‘ಕ್ಷೇಮ’ ಎಂದು ಬರೆದ ಮೇಲೆ ಮುಂದೆ ಏನು ಬರೆಯುವುದು?

ಅಪ್ಪ ಹೇಳಿದಂತೆಯೇ ಆಯಿತು. ಯುಗಾದಿ ಕಳೆದ ಮೇಲೆ ರೇಟು ಏರಿತು, ಏರಿತೆಂದರೆ ಮಂಡಿಯವರೇ ಬಾಯಿ ಮೇಲೆ ಕೈಯಿಟ್ಟುಕೊಳ್ಳುವ ಹಾಗೆ. ಪರೀಕ್ಷೆ ಮುಗಿಸಿ ಊರಿಗೆ ಹೋಗಿ ಕಾಯಿ ಸುಲಿದು, ಎರಡು ಮೂಟೆ ಗಿಟುಕು ಅಪ್ಪನ ಜೊತೆ ಅರಸೀಕೆರೆಗೆ ಸಾಗಿಸಿದೆ. ಡಿಗ್ರಿಯ ಮೊದಲ ವರ್ಷದ ಖರ್ಚು ಕಳೆದು ಮಿಗುವಷ್ಟು ದುಡ್ಡು ಬಂತು. ಅಪ್ಪ ನೋಟುಗಳನ್ನು ನನ್ನ ಕೈಗೇ ಕೊಟ್ಟು, ಊರಿಗೆ ಬಂದ ಮೇಲೆ ಜಗಲಿಯ ಮೇಲೆ ನಾಲ್ಕು ಜನರ ಎದುರು ಹೇಳಿದರು.

“ನನ್ ಮಗ್ಳು ಕಣ್ರಯ್ಯ. ಗಂಡುಡುಗ್ರಿಗಿಲ್ಲ ಈ ತಾಳ್ಮೆ. ಬುದ್ವಂತೆ.”

ಹುಟ್ಟಿದಾಗಿನಿಂದ ಕಾದಿದ್ದ ಮಾತು ಅದು. ಕೇಳಿದ ಕೂಡಲೇ ಒಳಗೆ ಹೋಗಿ ಅಡಿಗೆ ಮನೆಯ ಕತ್ತಲ ಮೂಲೆಯಲ್ಲಿ ಕೂತೆ. ಅತ್ತೆ ಯಾಕೆ ಏನು ಎಂದು ಬಿಡದೆ ಕೇಳಿದಾಗ ಗಿರಿಜಳ ವಿಷಯವನ್ನೆಲ್ಲ ಹೇಳಿದೆ. ಹೇಳಿದ ಸುಳ್ಳನ್ನೂ ಹೇಳಿದೆ. ಸೋಪಿನ ಚೂರು ಒತ್ತುವ, ಕೆಂಡಕ್ಕೆ ನೀರೆರಚುವ ನನ್ನ ಅತ್ತೆ ಒಲೆಯ ಮುಂದಿನಿಂದ ಎದ್ದು ನನ್ನ ಪಕ್ಕ ಬಂದು ಕೂತಳು.

“ಎಪ್ಪತ್ ಕಾಯಿಗ್ ಬಡ್ತನವಾ ಮಗಾ ನಮ್ಮನೆಗೆ? ನಾನು ಕೈ ಬಿಗಿ ಹಿಡಿದಿದ್ದು ಯಾರಿಗೆ ಅಂದ್ಕಂಡೆ? ಒಂದು ಹೆಣ್ಮಗಿಗೆ ಬೇಕಾದಾಗ ಇರ್ಲಿ ಅಂತಲ್ವಾ?”

ಈಗ ನಾನು ಪಾಠ ಮಾಡುವ ಹೈಸ್ಕೂಲಿನಲ್ಲಿ ಮಕ್ಕಳಿಗೆ ಉಳಿತಾಯದ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಬೇಕೆಂದರೆ ಲಲಿತಾ ಮೇಡಮ್ಮನ್ನೇ ಕರೆಯುತ್ತಾರೆ. ನಾನು ಹೋಗುತ್ತೇನೆ, ಹೇಳುತ್ತೇನೆ. ಬೇಕಾದ್ದು ಬೇರೆ, ಆಸೆ ಬೇರೆ. ಬಂದದ್ದರಲ್ಲಿ ಮೊದಲು ಎತ್ತಿಡಿ, ಆಮೇಲೆ ಖರ್ಚು ಮಾಡಿ. ಎಲ್ಲ ಸರಿಯಾದ ಮಾತುಗಳೇ. ನಾನು ಅದನ್ನೆಲ್ಲ ಮಾಡಿದವಳು. ಕೊನೆಗೆ ಮಕ್ಕಳು ಪ್ರಶ್ನೆ ಕೇಳುವ ಮೊದಲು ಗಂಟೆ ಹೊಡೆದರೆ ಸಾಕಪ್ಪ ಅನ್ನಿಸುತ್ತದೆ.

ಅತ್ತೆಗೆ ಎಲ್ಲ ಹೇಳಿಕೊಂಡ ಮಾರನೆಯ ದಿನವೇ ಎಪ್ಪತ್ತು ಕಾಯಿಯ ದುಡ್ಡನ್ನು, ಏರಿದ ರೇಟಿನ ಲೆಕ್ಕದಲ್ಲಿ, ಕರವಸ್ತ್ರಕ್ಕೆ ಗಂಟು ಕಟ್ಟಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ಹಳೇಬೀಡಿನಲ್ಲಿ ಬಸ್ಸು ಹತ್ತಿ ಬೇಲೂರಿನಲ್ಲಿ ಇಳಿದು, ಗೆಂಡೆಹಳ್ಳಿಯ ಬಸ್ಸಿಗೆ ಒಂದು ಗಂಟೆ ಕಾದೆ. ಮುಂದಿನ ಪರೀಕ್ಷೆಗೆ ಕಟ್ಟಿಸಬೇಕು, ಅವಳಣ್ಣನ ಕಾಲಿಗೆ ಬಿದ್ದಾದರೂ ಒಪ್ಪಿಸಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹೋದಾಗ ಗಿರಿಜ ಅಂಗಳದಲ್ಲಿ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಡುತ್ತಿದ್ದಳು. ದೊಡ್ಡ ಪಾತ್ರೆಯ ತುಂಬ ಹಿಟ್ಟು. ಅಷ್ಟು ಸಂಡಿಗೆ ಮದುವೆಗಲ್ಲದೆ ಇನ್ನೇತಕ್ಕೆ?

“ಅಯ್ಯೋ, ಸಾವ್ಕಾರ್ತಿ! ಬಾರೇ, ಬಾ. ಕೈಯೆಲ್ಲ ಹಿಟ್ಟು, ಮುಟ್ಬ್ಯಾಡ. ಹದಿನೈದ್ ದಿನಕ್ಕೆ ಮದ್ವೆ ಕಣೇ, ಹಗರೆ ಕಡೆ ಹುಡ್ಗ. ಕಾರ್ಡ್ ಬರ್ಲಿ, ನಿಂಗೇ ಮೊದ್ಲು ಕಳುಸ್ತೀನಿ ಅಂತಿದ್ದೆ.”

ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲಿ ಹೋಯಿತೋ. ಸೊಂಟದಿಂದ ಗಂಟು ತೆಗೆದು ಅವಳ ಮುಂದೆ ಹಿಡಿದೆ.

“ಇದೇನೇ?”

“ನೀನ್ ಕೇಳಿದ್ಯಲ್ಲ. ಕಾಯಿ ದುಡ್ಡು.”

“ಓ, ಒಣಗಿದ್ವಾ ಕಾಯಿ?”

ಅವಳು ಅದನ್ನು ಚುಚ್ಚಿ ಕೇಳಲಿಲ್ಲ. ನಿಜವಾಗಿಯೂ ಕೇಳಿದಳು. ಇಷ್ಟು ದಿನ ಆ ಕಾಯಿಗಳ ಬಗ್ಗೆ ಅವಳಿಗೂ ಕಾಳಜಿ ಇತ್ತು ಅನ್ನುವ ಹಾಗೆ. ಹೇಳಿಬಿಡಬೇಕಿತ್ತು. ನಾನು ಹೂಂ ಅಂದೆ. ಅವಳು ಮೊಣಕೈಯಿಂದ ನನ್ನ ಕೈಯನ್ನು ಹಿಂದಕ್ಕೆ ತಳ್ಳಿದಳು.

“ಈಗ್ಯಾಕೆ ನಂಗೆ? ಇಟ್ಕ, ನಿಂಗ್ ಡಿಗ್ರಿಗಾಯ್ತದೆ. ಅದ್ ಬುಡು, ಚರಿತ್ರೆ ಪೇಪರ್ ಹೆಂಗಿತ್ತೇ? ಏನೇನ್ ಕೇಳಿದ್ರು ಹೇಳು.”

ಗಂಟನ್ನು ಮಡಿಲಲ್ಲಿಟ್ಟುಕೊಂಡು ಅವಳ ಎದುರು ಕೂತೆ. ನೆನಪಿದ್ದ ಕ್ರಮದಲ್ಲಿ ಪ್ರಶ್ನೆ ಹೇಳಿದೆ. ಮೊದಲನೆಯದು ಸಿಂಧೂ ಕಣಿವೆಯ ನಗರಗಳು. ಅವಳು ಒಂದು ಚಮಚ ಹಿಟ್ಟು ಬಟ್ಟೆಯ ಮೇಲೆ ಬಿಟ್ಟು, ಚಮಚದ ಬೆನ್ನಿಂದ ದುಂಡಗೆ ತೀಡುತ್ತಾ ಉತ್ತರ ಹೇಳತೊಡಗಿದಳು. ನೇರ ಬೀದಿ, ಮುಚ್ಚಿದ ಚರಂಡಿ, ಸುಟ್ಟ ಇಟ್ಟಿಗೆ, ಉಗ್ರಾಣ. ಒಂದೊಂದು ಅಂಶಕ್ಕೆ ಒಂದೊಂದು ಸಂಡಿಗೆ. ವಿಜಯನಗರದ ಆಡಳಿತ ಕೇಳಿದೆ, ಹೇಳಿದಳು. ಸಿಪಾಯಿ ದಂಗೆಯ ಕಾರಣಗಳನ್ನು ರಾಜಕೀಯ, ಆರ್ಥಿಕ, ಧಾರ್ಮಿಕ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಹೊಯ್ಸಳರ ವಾಸ್ತುಶಿಲ್ಪಕ್ಕೆ ಬಂದಾಗ ಚಮಚ ಕೆಳಗಿಟ್ಟಳು.

“ಬಳಪದ ಕಲ್ಲು. ನಕ್ಷತ್ರದಾಕಾರದ ಜಗತಿ. ತಿರುಗಣಿ ಕಂಬ. ಗೋಡೆ ಸುತ್ತ ಪಟ್ಟಿಕೆ, ಕೆಳಗಡೆ ಆನೆ ಸಾಲು, ಅದ್ರ ಮೇಲೆ ಸಿಂಹ, ಅದ್ರ ಮೇಲೆ ಬಳ್ಳಿ, ಆಮೇಲೆ ಕುದುರೆ. ಸರೀನಾ?”

ಹಳೇಬೀಡಿನ ಪಕ್ಕದಲ್ಲೇ ಹುಟ್ಟಿ ಬೆಳೆದ ನಾನು ಪರೀಕ್ಷೆಯಲ್ಲಿ ಬಳ್ಳಿಯ ಸಾಲನ್ನು ಮರೆತಿದ್ದೆ.

“ಸರಿ ಕಣೇ.”

“ಎಷ್ಟ್ ಕೊಡ್ತೀಯ ಒಟ್ಟು? ಮೇಷ್ಟ್ರಂಗೆ ಹೇಳು, ಕನಿಕರ ತೋರುಸ್ಬ್ಯಾಡ.”

“ಎಂಬತ್ತು.”

“ಸುಳ್ಳು.”

“ಸುಳ್ಳಲ್ಲ ಗಿರಿಜ. ಎಂಬತ್ತಾದ್ರೂ ಬತ್ತಿತ್ತು.”

ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮನೆಯ ಬಾಗಿಲ ಕಡೆ ತಿರುಗಿ, ಕತ್ತು ಚಾಚಿ ಕೂಗಿದಳು.

“ಅತ್ತಿಗೇ! ನಾನ್ ಪಾಸಾದೆ ಕಣತ್ತಿಗೇ!”

ಒಳಗೆ ಪಾತ್ರೆಯ ಸದ್ದು ನಿಂತಿತು.

“ಮೊದ್ಲು ಕಾಗೆ ಓಡ್ಸು ತಾಯಿ. ಆ ಕಡೆ ಸಂಡಿಗೆಗೆಲ್ಲ ಬಾಯಾಕ್ತಾ ಅವೆ!”

ಗಿರಿಜ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು ಎದ್ದು ಹೋದಳು. ನಾನು ಮಡಿಲಲ್ಲಿದ್ದ ಗಂಟನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ.